ಸಾಲಿ ಸಲುವಾಗಿ ಮನಿ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲೂಕುಗಳ ಹಳ್ಳಿಯಲ್ಲಿ ಒಂದು ಮನೆಗೆ ಬೀಗ ಬಿದ್ದಿದ್ದರೆ, ಅಥವಾ ಮನೆಯಲ್ಲಿ ಗಂಡಸರಷ್ಟೇ ಉಳಿದಿದ್ದರೆ, ನೆರೆಯವರು ಕೊಡುವ ಕಾರಣ ಬಹುಮಟ್ಟಿಗೆ ಒಂದೇ: ‘ಸಾಲಿ ಸಲುವಾಗಿ ಪ್ಯಾಟ್ಯಾಗ ಮನಿ ಮಾಡ್ಯಾರ’. ಮನಿ ಮಾಡುವುದೆಂದರೆ ಮನೆ ಕಟ್ಟುವುದಲ್ಲ. ಬಾಡಿಗೆಗೆ ಒಂದೆರಡು ಖೋಲಿ ಹಿಡಿದು ಅಜ್ಜಿಯನ್ನೋ ತಾಯಿಯನ್ನೋ ಮಕ್ಕಳ ಜತೆ ಇರಿಸುವುದು. ಹೊಲ, ದನ ನೋಡಿಕೊಳ್ಳಲು ಉಳಿದವರು ಊರಲ್ಲೇ ಇರುವುದು. ಜೋಳದ ಹಿಟ್ಟು, ಕಾಳುಕಡಿ ಊರಿಂದ ಬರುತ್ತವೆ. ರೊಟ್ಟಿ ಬುತ್ತಿಯೂ ಎಷ್ಟೋ ಸಲ ಮುಂಜಾನೆಯ ಬಸ್ಸಿನಲ್ಲೇ ಬರುತ್ತದೆ. ಡ್ರೈವರನ ಪಕ್ಕದ ಬಾನೆಟ್ಟಿನ ಸುತ್ತ ಬಟ್ಟೆ ಸುತ್ತಿದ ಡಬ್ಬಿಗಳ ಸಾಲು, ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಹುಡುಗನ ಹೆಸರು. ಸ್ಟ್ಯಾಂಡಿನಲ್ಲಿ ಕಾಯುವ ಮಕ್ಕಳಿಗೆ ತಮ್ಮ ಡಬ್ಬಿ ದೂರದಿಂದಲೇ ಗೊತ್ತಾಗುತ್ತದೆ.

ಮಗುವನ್ನು ಕಟ್ಟಿಕೊಂಡು ಊರು ಬದಲಿಸುವಾಗ ಯಾವ ಓಣಿ, ಯಾವ ಶಾಲೆ ಎಂಬ ಪ್ರಶ್ನೆಯನ್ನು ಈ ಸೀಮೆ ಬಿಡಿಸಿಕೊಂಡ ಬಗೆಗೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯ ಹೆಚ್ಚಿನ ಭಾಗದಲ್ಲಿ ಶಾಲೆಗಾಗಿ ಮೊದಲು ಊರು ಬಿಟ್ಟದ್ದು ಕುಟುಂಬವಲ್ಲ, ಮಗು.

ಸರಕಾರಿ ಶಾಲೆ ಬರುವ ಮುಂಚೆ ಆಯ್ಕೆಯೆಂಬುದೇ ಇರಲಿಲ್ಲ. ಮಠದ ಜಗಲಿಯಲ್ಲೋ ಗುಡಿಯ ಪೌಳಿಯಲ್ಲೋ ಐಗಳು ನಡೆಸುತ್ತಿದ್ದ ಗಾಂವಠಿ ಶಾಲೆಯೇ ಶಾಲೆ. ಮಣ್ಣಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ, ಲೆಕ್ಕ, ಕಾಗದಪತ್ರ ಓದುವುದು. ಸಂಬಳವೆಂದರೆ ಸುಗ್ಗಿಯ ಕಾಳು. ಐಗಳು ಇದ್ದ ಊರಿನ ಮಕ್ಕಳು ಕಲಿತರು, ಇಲ್ಲದ ಊರಿನ ಮಕ್ಕಳು ಇದ್ದ ಊರಿಗೆ ಹೋದರು. ಸರಕಾರಿ ಶಾಲೆ ಬಂದ ಮೇಲೂ ಇದು ತಪ್ಪಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು 1867ರಲ್ಲಿ ಹುಟ್ಟಿದ್ದು ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ. ಆಗ ಹಾಲಯ್ಯನೆಂಬ ಹೆಸರಿದ್ದ ಆ ಬಾಲಕ ಕನ್ನಡ ಶಾಲೆಗಾಗಿ ಕಜ್ಜರಿಗೆ ಹೋದದ್ದನ್ನೂ ಭಿಕ್ಷೆಯ ಅನ್ನದಲ್ಲಿ ಓದಿದ್ದನ್ನೂ ಅವರ ಚರಿತ್ರೆಕಾರರು ಹೇಳುತ್ತಾರೆ. ಮುಂದೆ ಶಿವಯೋಗಮಂದಿರ ಕಟ್ಟಿದವರ ಮೊದಲ ವಲಸೆ ಅದೇ ತಾಲೂಕಿನ ಇನ್ನೊಂದು ಹಳ್ಳಿಗೆ!

1818ರಲ್ಲಿ ಪೇಶ್ವೆಗಳ ಆಳಿಕೆ ಮುಗಿದು ಈ ನೆಲ ಇಂಗ್ಲಿಷರ ಕೈ ಸೇರಿತು. ಮುಂದೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಾಗಿ ಉಳಿಯಿತು. ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಅದನ್ನು ತಗ್ಗಿಸಿ ಕನ್ನಡ ಶಾಲೆಗಳನ್ನು ಊರೂರಿಗೆ ತಂದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಮೊದಲು ಬರುತ್ತದೆ. ಮರಾಠಿಯ ಗುರುತು ಮಾತ್ರ ಶಾಲೆಯ ಮಾತಿನಲ್ಲಿ ಉಳಿದುಬಿಟ್ಟಿತು: ತರಗತಿ ಎಂದರೆ ಇಯತ್ತೆ, ಅದರ ವಿಭಾಗ ತುಕಡಿ, ಒಂದನೆಯದಕ್ಕೂ ಮುಂಚಿನದು ಬಿಗರಿ, ಏಳನೆಯದರ ಕೊನೆಗೆ ಮುಲ್ಕಿ ಪರೀಕ್ಷೆ. ಕಲಿಸುವವರು ಮಾಸ್ತರು, ಹೆಂಗಸಾದರೆ ಅಕ್ಕೋರು. ಮುಲ್ಕಿ ಪಾಸಾದವನಿಗೆ ಮಾಸ್ತರಿಕೆಯೋ ತಲಾಟಿಯ ಕೆಲಸವೋ ಸಿಗುವ ಆಸೆಯಿತ್ತು. ಸಣ್ಣ ಹಳ್ಳಿಗಳಲ್ಲಿ ನಾಲ್ಕನೇ ಇಯತ್ತೆಗೆ ಶಾಲೆ ಮುಗಿಯುತ್ತಿದ್ದುದರಿಂದ ಹುಡುಗ ಹೊರಬೀಳುವ ವಯಸ್ಸು ಹತ್ತು, ಹನ್ನೊಂದು.

ಎಲ್ಲ ಮಕ್ಕಳಿಗೂ ಆ ಬಾಗಿಲು ತೆರೆದಿರಲಿಲ್ಲ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಮಹಾರ ಜಾತಿಯ ಹುಡುಗನೊಬ್ಬ ಅರ್ಜಿ ಕೊಟ್ಟ. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರು ಎಂಬ ಅಂಜಿಕೆಯಿಂದ ಮುಂಬಯಿ ಸರಕಾರ ಅವನನ್ನು ಸೇರಿಸಿಕೊಳ್ಳಲಿಲ್ಲ. ಪ್ರಕರಣ ದೊಡ್ಡದಾಯಿತು, ಸರಕಾರದ ಹಣದಲ್ಲೇ ನಡೆಯುವ ಶಾಲೆಗಳು ಎಲ್ಲ ಜಾತಿಗೂ ತೆರೆದಿರಬೇಕು ಎಂಬ ನಿಯಮ ಕಾಗದದ ಮೇಲಾದರೂ ಬಂತು. ಅಂಬೇಡ್ಕರರು ಮುಂದೆ ಈ ಪ್ರಸಂಗವನ್ನು ಮತ್ತೆ ಎತ್ತಿ ತೋರಿಸಿದರು. ಶಾಲೆಯ ವಿಚಾರ ಹೀಗಾದರೆ ಓಣಿಯ ವಿಚಾರ ಇನ್ನೂ ಬಿಗಿ. ಹೊಸ ಊರಿಗೆ ಬಂದವರು ಬಾಡಿಗೆಗೆ ಮನೆ ಹುಡುಕಿದಾಗ ಮೊದಲ ಪ್ರಶ್ನೆ ‘ನೀವು ಯಾವ ಪೈಕಿ?’ ಎಂಬುದು. ಯಾರು ಯಾವ ಓಣಿಯಲ್ಲಿ ಇರಬೇಕೆಂಬುದನ್ನು ಬಾಡಿಗೆ ಹಣಕ್ಕಿಂತ ಮೊದಲು ಜಾತಿಯೇ ತೀರ್ಮಾನಿಸುತ್ತಿತ್ತು. ಇಂದಿಗೂ ಆ ಪ್ರಶ್ನೆ ಪೂರಾ ಸತ್ತಿಲ್ಲ, ಕೇಳುವ ರೀತಿ ನಯವಾಗಿದೆ.

ಹೊರಬಿದ್ದ ಹುಡುಗನಿಗೆ ಇದ್ದ ಆಸರೆಗಳು ಮೂರು. ಮೊದಲನೆಯದು ಸೋದರಮಾವನ ಮನೆ. ಶಾಲೆಯಿರುವ ಊರಿನಲ್ಲಿ ತಾಯಿಯ ತವರಿದ್ದರೆ ಬೇರೆ ಯೋಚನೆಯೇ ಇಲ್ಲ. ಹುಡುಗ ಉಂಡು, ಮಾವನ ದನಕ್ಕೆ ನೀರು ಕುಡಿಸಿ, ಶಾಲೆಗೆ ಹೋಗುತ್ತಿದ್ದ. ಎರಡನೆಯದು ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೆಚ್ಚಾಗಿ ಬ್ರಾಹ್ಮಣ ಹುಡುಗರ ದಾರಿ ಇದು. ಮೂರನೆಯದು ಮಠ. ಹಾವೇರಿಯ ಹುಕ್ಕೇರಿಮಠ, ಧಾರವಾಡದ ಮುರುಘಾಮಠದಂಥ ಕಡೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದ ಬೆಳೆದ ಉಚಿತ ಪ್ರಸಾದ ನಿಲಯಗಳು ಹಳ್ಳಿಯ ಒಕ್ಕಲಿನ ಮಕ್ಕಳಿಗೆ ಪೇಟೆಯ ಶಾಲೆಯನ್ನು ನಿಲುಕಿಸಿದವು. ಹಿರೇಕೆರೂರು ತಾಲೂಕಿನ ಹಂಸಭಾವಿಯಲ್ಲಿ ಮೃತ್ಯುಂಜಯ ವಿದ್ಯಾಪೀಠ ಬೆಳೆದ ಮೇಲೆ ಒಂದು ಹಳ್ಳಿಯೇ ಓದುವ ಊರಾಯಿತು. ಊಟ ಎಲ್ಲಿದೆಯೋ ಶಾಲೆ ಅಲ್ಲಿ ಎಂಬುದು ಆ ಕಾಲದ ಲೆಕ್ಕ; ಮಾಸ್ತರು ಚೆನ್ನಾಗಿ ಕಲಿಸುತ್ತಾರೆಯೇ ಎಂಬುದು ಆಮೇಲಿನ ಮಾತು. ಇಂದಿನ ಪಾಲಕರು ಇದನ್ನು ಬಡವರ ಅನಿವಾರ್ಯ ಎಂದಾರು, ಆದರೆ ಹಸಿದ ಮಗುವಿಗೆ ಪಾಠ ತಲೆಗೆ ಹೋಗದು ಎಂಬ ತಿಳಿವು ಅದರಲ್ಲಿದೆ. ಅದೇ ತಿಳಿವಿನ ಅಕ್ಷರ ದಾಸೋಹದ ಬಿಸಿಯೂಟ ಸರಕಾರಿ ಶಾಲೆಗಳಿಗೆ ಬಂದದ್ದು 2002ರ ನಂತರ.

ಪತ್ರಕರ್ತ ಪಾಟೀಲ ಪುಟ್ಟಪ್ಪನವರ ಓದಿನ ಹಾದಿ ಈ ಸೀಮೆಯ ಒಂದು ಮಾದರಿ. ಹುಟ್ಟಿದ್ದು ಹಾವೇರಿ ತಾಲೂಕಿನ ಕುರಬಗೊಂಡದಲ್ಲಿ, ಕನ್ನಡ ಸಾಲಿ ರಾಣೆಬೆನ್ನೂರು ತಾಲೂಕಿನ ಹಲಗೇರಿಯಲ್ಲಿ, ಆಮೇಲೆ ಬ್ಯಾಡಗಿ, ಹಾವೇರಿ, ಧಾರವಾಡ. ಮಾಸ್ತರರ ಮಕ್ಕಳ ಪಾಡು ಬೇರೆ. ಅವರಿಗೆ ಊರು ಆರಿಸುತ್ತಿದ್ದುದು ವರ್ಗಾವಣೆಯ ಹುಕುಂ. ಹಾವೇರಿ ತಾಲೂಕಿನ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ಕಾದಂಬರಿಕಾರ ಗಳಗನಾಥರು, ಇಂಥ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. 1923ರ ಮುಂಬಯಿ ಕಾನೂನಿನ ಮೇಲೆ ಪ್ರಾಥಮಿಕ ಶಾಲೆಗಳು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳ ಕೈಗೆ ಬಂದವು. ಬೋರ್ಡಿನಲ್ಲಿ ರಾಜಕಾರಣ ಬಂತು, ವರ್ಗಾವಣೆಯೂ ಅದರ ಹಿಂದೆಯೇ ಬಂತು.

ಶಾಲೆಗೆ ಹಾಕುವ ವಿಧಾನವೂ ಸರಳವಾಗಿತ್ತು. ಜನನದ ದಾಖಲೆ ಇದ್ದವರು ಕಡಿಮೆ. ಮಾಸ್ತರು ಮಗುವಿಗೆ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ವಯಸ್ಸು ತುಂಬಿತು. ಹುಟ್ಟಿದ ದಿನ ಕೇಳಿದರೆ ‘ದೊಡ್ಡ ಮಳಿ ಬಂದ ವರ್ಷ, ಕಾರಹುಣ್ಣಿಮಿ ಹಿಂದಮುಂದ’ ಎಂಬ ಉತ್ತರ. ಮಾಸ್ತರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಈ ಭಾಗದ ನಿವೃತ್ತ ನೌಕರರಲ್ಲಿ ಎಷ್ಟೋ ಮಂದಿಯ ಹುಟ್ಟಿದ ದಿನ ಜೂನ್ 1 ಆಗಿರುವುದಕ್ಕೆ ಕಾರಣ ಇದೇ.

ಗಡಿಯ ವಿಷಯ ತುಸು ತಡೆದು ನೋಡುವಂಥದು. 1947ಕ್ಕೆ ಮುಂಚೆ ಬ್ಯಾಡಗಿ ಹತ್ತಿರದ ಮೋಟೆಬೆನ್ನೂರಿನಿಂದ ಒಂದು ದಿನದ ಚಕ್ಕಡಿ ಹಾದಿಯ ಆಸುಪಾಸಿನಲ್ಲಿ ನಾಲ್ಕು ಸರಕಾರಗಳಿದ್ದವು. ಊರು ಮುಂಬಯಿ ಪ್ರಾಂತದ್ದು. ತುಂಗಭದ್ರೆ ದಾಟಿದರೆ ಹರಿಹರ ಮೈಸೂರು ಸಂಸ್ಥಾನ. ಅದೇ ಹೊಳೆಯನ್ನು ಇನ್ನೊಂದು ಕಡೆ ದಾಟಿದರೆ ಹರಪನಹಳ್ಳಿ, ಹೂವಿನಹಡಗಲಿ, ಅವು ಮದರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆ. ಉತ್ತರಕ್ಕೆ ಸವಣೂರು ನವಾಬರ ಪುಟ್ಟ ರಾಜ್ಯ. ಎಲ್ಲ ಕಡೆಯೂ ಕನ್ನಡವೇ, ಶಾಲೆ ಮಾತ್ರ ಬೇರೆ ಬೇರೆ. ಮುಂಬಯಿಯಲ್ಲಿ ಏಳು ಇಯತ್ತೆ ಮತ್ತು ಮುಲ್ಕಿ. ಮೈಸೂರಿನಲ್ಲಿ ನಾಲ್ಕು ವರ್ಷದ ಪ್ರೈಮರಿ, ಆಮೇಲೆ ಮಿಡ್ಲ್‌ಸ್ಕೂಲು ಮತ್ತು ಲೋಯರ್ ಸೆಕೆಂಡರಿ. ಮದರಾಸಿನಲ್ಲಿ ಐದು ತರಗತಿಯ ಎಲಿಮೆಂಟರಿ. ಪುಸ್ತಕಗಳೂ ಬೇರೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮುಂಬಯಿ ಸರಕಾರ ಐದರಿಂದ ಏಳನೇ ಇಯತ್ತೆಯವರೆಗೆ ಇಂಗ್ಲಿಷನ್ನೇ ತೆಗೆದುಹಾಕಿತು. ಹೊಳೆಯಾಚೆಯ ಮಿಡ್ಲ್‌ಸ್ಕೂಲಿನಲ್ಲಿ ಅದು ಇತ್ತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದ ಮೇಲೆ ಧಾರವಾಡ ಜಿಲ್ಲೆಯಿಂದ ಕೆಲಸ ಅರಸಿ ಹೋದ ಕುಟುಂಬಕ್ಕೆ ಸೇತುವೆ ದಾಟುವುದು ಸುಲಭ. ಆರನೇ ಇಯತ್ತೆಯ ಹುಡುಗನನ್ನು ದಾಟಿಸುವುದು ಕಷ್ಟ. ಅಲ್ಲಿ ಮಾಸ್ತರು ಮೇಷ್ಟ್ರಾಗುತ್ತಿದ್ದರು, ಪಾಟಿ ಸ್ಲೇಟಾಗುತ್ತಿತ್ತು.

1948ರಲ್ಲಿ ಸವಣೂರು ವಿಲೀನವಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು. 1956ರ ನವೆಂಬರ್ 1ಕ್ಕೆ ಧಾರವಾಡ ಜಿಲ್ಲೆಯೂ ಸೇರಿತು. ಏಕೀಕರಣವನ್ನು ಕವಿಗಳು, ಪುಢಾರಿಗಳ ಮಾತಿನಲ್ಲಿ ನೆನೆಯುವುದು ರೂಢಿ. ಶಾಲೆ ಬದಲಿಸುವ ಮಗುವಿಗೆ ಅದರಿಂದ ಸಿಕ್ಕ ಲಾಭವನ್ನು ಹೇಳುವವರು ಕಡಿಮೆ: ಹೊಳೆ ದಾಟಿದರೂ ಅದೇ ತರಗತಿ, ಅದೇ ಪಠ್ಯ. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಆಯಿತು. ಎಪ್ಪತ್ತರ ದಶಕದಲ್ಲಿ ಹರಿಹರದ ಎದುರಿನ ದಂಡೆಯ ಕುಮಾರಪಟ್ಟಣಂನಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಬಂದಾಗ ಕಾರ್ಮಿಕರು ಎರಡೂ ದಂಡೆಯಲ್ಲಿ ಮನೆ ಹಿಡಿದರು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ತರುವ ವಲಸೆ ಇವೆಲ್ಲಕ್ಕಿಂತ ಬೇರೆ. ಆವಕ ಏರುವುದು ಜನವರಿಯಿಂದ. ಶಾಲೆಯ ವರ್ಷ ಮುಗಿಯುವುದು ಏಪ್ರಿಲ್ ಮೊದಲ ಭಾಗದಲ್ಲಿ. ಕಾಯಿ ಹಸನು ಮಾಡಲು, ತೊಟ್ಟು ಬಿಡಿಸಲು ಸುತ್ತಲ ಹಳ್ಳಿಗಳ ಹೆಂಗಸರು ಬರುತ್ತಾರೆ. ಮಕ್ಕಳು ಜತೆಗೆ ಬಂದರೆ ಪರೀಕ್ಷೆಯ ಹೊತ್ತಿಗೆ ಹಾಜರಿ ಖಾಲಿ. ಇದೇ ಜಿಲ್ಲೆಯ ತಾಂಡಾಗಳಿಂದ ಗೋವೆಗೆ, ಕರಾವಳಿಗೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳದೂ ಅದೇ ಕಥೆ. ಸರ್ವ ಶಿಕ್ಷಣ ಅಭಿಯಾನದ ಟೆಂಟ್ ಶಾಲೆಗಳೂ ಋತುಮಾನದ ವಸತಿ ಶಾಲೆಗಳೂ ಇವರಿಗಾಗಿ ಬಂದವು. ಅಜ್ಜಿಯ ಜತೆ ಮಗುವನ್ನು ಊರಲ್ಲೇ ಬಿಡುವುದು ಮಾತ್ರ ಅವಕ್ಕಿಂತ ಹಳೆಯ ಉಪಾಯ. ಪೇಟೆಯಲ್ಲಿ ಮನಿ ಮಾಡುವ ಪದ್ಧತಿಯನ್ನೇ ತಿರುಗಿಸಿ ಹಾಕಿದಂತೆ: ಇಲ್ಲಿ ಊರು ಬಿಡುವವರು ದೊಡ್ಡವರು.

1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಕಚೇರಿಗಳು ಬಂದವು, ನೌಕರರು ಬಂದರು, ಅವರ ಹಿಂದೆ ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ಬಂದವು. ಶಾಲೆಯ ಬಸ್ಸು ಹಳ್ಳಿಗೇ ಬರತೊಡಗಿದ ಮೇಲೆ ಮನಿ ಮಾಡುವ ಅಗತ್ಯ ಕೊಂಚ ತಗ್ಗಿತು. ಮೋಟೆಬೆನ್ನೂರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆಯೇ ಇರುವ ಊರು. ರಸ್ತೆ ಚತುಷ್ಪಥವಾದಂದಿನಿಂದ ಇಂಥ ಊರುಗಳಲ್ಲಿ ಮನೆ ನೋಡುವವರು ಶಾಲೆ ಎಷ್ಟು ದೂರ ಎಂದಷ್ಟೇ ಕೇಳುವುದಿಲ್ಲ, ರಸ್ತೆಯ ಯಾವ ಮಗ್ಗುಲಿಗೆ ಎಂದೂ ಕೇಳುತ್ತಾರೆ. ಆರು ವರ್ಷದ ಮಗುವಿಗೆ ಒಂದು ಕಿಲೋಮೀಟರ್ ನಡೆಯುವುದು ದೊಡ್ಡದಲ್ಲ, ಹೆದ್ದಾರಿ ದಾಟುವುದು ದೊಡ್ಡದು.

ಒಂದು ಕಿಲೋಮೀಟರ್ ಎಂಬುದು ಕಾನೂನಿನ ಅಳತೆಯೂ ಹೌದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಂತೆ ಐದನೆಯವರೆಗಿನ ಶಾಲೆ ಒಂದು ಕಿ.ಮೀ. ಒಳಗೆ, ಎಂಟನೆಯವರೆಗಿನದು ಮೂರು ಕಿ.ಮೀ. ಒಳಗೆ ಇರಬೇಕು. ಊರು ಬದಲಿಸುವವರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಕಲಮು: ಹಳೆಯ ಶಾಲೆಯ ಟಿಸಿ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ಹಿಂದಕ್ಕೆ ಕಳಿಸುವಂತಿಲ್ಲ. ಖಾಸಗಿ ಶಾಲೆಗಳ ಶೇ. 25 ಸೀಟುಗಳಿಗಾಗಿ ಕೆಲವು ವರ್ಷ ಪಾಲಕರು ವಾರ್ಡು, ವಿಳಾಸ ನೋಡಿ ಮನೆ ಹಿಡಿದದ್ದುಂಟು. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲವೆಂದು 2019–20ರ ಸಾಲಿನಿಂದ ರಾಜ್ಯ ನಿಯಮ ಬದಲಿಸಿದ ಮೇಲೆ ಆ ಓಡಾಟ ಬಹುಮಟ್ಟಿಗೆ ನಿಂತಿತು.

ಈಗ ವಿಳಾಸದ ಬೆಲೆ ಬೇರೆ ಕಡೆಯಿಂದ ಬರುತ್ತಿದೆ. ನವೋದಯ ವಿದ್ಯಾಲಯದ ಆರನೇ ತರಗತಿಗೆ ಮಗು ಐದನೆಯದನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಗ್ರಾಮೀಣರಿಗೆ ಮೀಸಲಾದ ಶೇ. 75 ಸೀಟಿಗೆ ಮೂರರಿಂದ ಐದನೆಯವರೆಗೆ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ವೃತ್ತಿ ಶಿಕ್ಷಣದ ಸೀಟುಗಳಲ್ಲಿ ರಾಜ್ಯ ಕೊಡುವ ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೆಯವರೆಗೂ ಗ್ರಾಮೀಣ ಶಾಲೆ ಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೆ ಅಷ್ಟೂ ವರ್ಷ ಕನ್ನಡ ಬೇಕು. ಬ್ಯಾಡಗಿ ಪುರಸಭೆಯ ಊರು. ಐದಾರು ಕಿ.ಮೀ. ಆಚೆಯ ಮೋಟೆಬೆನ್ನೂರು ಗ್ರಾಮ ಪಂಚಾಯಿತಿಯದು. ಒಂದನೇ ತರಗತಿಯ ಮಗುವನ್ನು ‘ಪ್ಯಾಟಿ ಸಾಲಿ’ಗೆ ಹಾಕುವ ಪಾಲಕರು ಹನ್ನೆರಡು ವರ್ಷ ಆಚೆಯ ಸೀಟೊಂದನ್ನು ಅಂದೇ ಬಿಟ್ಟುಕೊಡುತ್ತಾರೆ, ಬಹಳಷ್ಟು ಸಲ ಅರಿಯದೆ. ಹೊಳೆಯ ಗಡಿಯೂ ಮರಳಿ ಬಂದಿದೆ. ಶಿಕ್ಷಣ, ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿಯ ಸೌಲಭ್ಯ ಹಡಗಲಿ, ಹರಪನಹಳ್ಳಿಯವರಿಗೆ ಉಂಟು, ರಾಣೆಬೆನ್ನೂರಿನವರಿಗೆ ಇಲ್ಲ. ಆಚೆ ದಂಡೆಗೆ ವಲಸೆ ಹೋದವರಿಗೂ ಅದು ಒಮ್ಮೆಗೇ ದಕ್ಕುವುದಿಲ್ಲ. ಜೂನ್ ತಿಂಗಳಲ್ಲಿ ಶಾಲೆಯ ಕಟ್ಟೆಗೆ ಬರುವ ಹೊಸ ಪಾಲಕರ ಕೈಯಲ್ಲಿ ಆಧಾರ್, ಜಾತಿ–ಆದಾಯ ಪತ್ರ, ಹಳೆಯ ಶಾಲೆಯ ದಾಖಲೆ, ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರುತ್ತವೆ. ಮಗು ತಲೆಯ ಮೇಲಿಂದ ಕೈ ಹಾಯಿಸಿ ಕಿವಿ ಮುಟ್ಟಬೇಕಾಗಿಲ್ಲ.