ಹತ್ತೊಂಬತ್ತು ವರ್ಷದಾಕಿ ತಗದ ಮಾಯಾಲೋಕ

ಹಳೇ ಕಥಿ ಪುಸ್ತಕಾ ಕೈಗೆ ಸಿಕ್ಕರ ನಾವು ಮೊದಲ ನೋಡೋದು ಚಿತ್ರಾನ. ಬರದವರ ಹೆಸರು ಆಮ್ಯಾಲೆ. ಚಿತ್ರಾ ತಗದವರ ಹೆಸರಂತೂ ಎಷ್ಟೋ ಸಲ ನೋಡೋದ ಇಲ್ಲ. ನಾನೂ ಕುಂಚಾ ಹಿಡಿಯಾಕಿ, ಹಿಂಗಾಗಿ ಇದು ಜರಾ ಹೆಚ್ಚ ಮನಸಿಗೆ ಹತ್ತತದ. ಇವತ್ತ ನಿಮಗ ಅಮೇರಿಕಾದ ಒಬ್ಬ ಹುಡುಗಿ ಕಥಿ ಹೇಳತೇನಿ. ಹೆಸರು ವರ್ಜೀನಿಯಾ ಫ್ರಾನ್ಸಿಸ್ ಸ್ಟೆರೆಟ್. ಬದುಕಿದ್ದು 31 ವರ್ಷಾನೂ ತುಂಬಲಿಲ್ಲ. ಪೂರಾ ಮಾಡಿದ್ದು ಮೂರ ಪುಸ್ತಕದ ಚಿತ್ರಾ.

ಅಕಿ ಮೊದಲನೇ ಪುಸ್ತಕದ ಹಿಂದ ಒಬ್ಬ ಅಜ್ಜಿ ಇದ್ದಾಳ್ರಿ. ಸೋಫಿ ಡ ಸೆಗ್ಯೂರ್ ಅಂತ. ರಶಿಯಾದಾಗ 1799ರಾಗ ಹುಟ್ಟಿ ಫ್ರಾನ್ಸಿಗೆ ಬಂದು ಅಲ್ಲೇ ಸೊಸಿಯಾದಾಕಿ. ಎಂಟ ಮಕ್ಕಳನ್ನ ಬೆಳಿಸಿ, ಐವತ್ತ ದಾಟಿದ ಮ್ಯಾಲೆ ಮೊಮ್ಮಕ್ಕಳಿಗಂತ ಹೇಳತಿದ್ದ ಕಥಿಗಳನ್ನ ಬರಿಲಿಕ್ಕೆ ಕೂತ್ಲು. ಆ ಪುಸ್ತಕಾ ಪ್ಯಾರಿಸ್ಸಿನಾಗ 1857ರಾಗ ಅಚ್ಚಾತು. ಅದರಾಗ ಬ್ಲಾಂಡೀನ್ ಅನ್ನೋ ರಾಜಕುಮಾರಿ ಆಮಿ ಬೆನ್ನ ಮ್ಯಾಲೆ ಕೂತು ಆರ ತಿಂಗಳು ಹೋಗತಾಳ. ಕರಾರು ಏನು ಅಂದ್ರ, ಅಷ್ಟೂ ದಿನಾ ಒಂದ ಮಾತೂ ಆಡಬಾರದು! ನಮ್ಮಂಥಾವರಿಗೆ ಆಮಿ ಸವಾರಿಕಿಂತ ಅದ ದೊಡ್ಡ ಮಾಯಾ ಅನಸ್ತದ.

ಆ ಪುಸ್ತಕಕ್ಕ ಆಗ ಚಿತ್ರಾ ತಗದಾಂವ ಗುಸ್ತಾವ್ ಡೋರೆ. ಭಾಳ ದೊಡ್ಡ ಹೆಸರು. ಆದ್ರ ಆವಾಗಿನ ಪದ್ಧತಿ ನೋಡ್ರಿ. ಅಂವಾ ಕಟಗಿ ಅಚ್ಚಿನ ಮ್ಯಾಲೆ ಚಿತ್ರಾ ಬಿಡಸ್ತಿದ್ದಾ, ಬ್ಯಾರೆ ಕುಶಲಕರ್ಮಿಗಳು ಅದನ್ನ ಸಣ್ಣ ಉಳಿಲೇ ಕೆತ್ತತಿದ್ರು. ನಾವು ಇವತ್ತ ನೋಡೋದು ಎರಡ ಕೈ ಕೂಡಿ ಮಾಡಿದ್ದು. ಬಣ್ಣಾ ಇಲ್ಲ, ಕರೀ ಗೆರಿ ಅಷ್ಟ.

ಮುಂದ ಹತ್ತೊಂಬತ್ತನೇ ಶತಮಾನದ ಕಡೀಕ ಮೂರ ಬಣ್ಣದ ಅಚ್ಚು ಬಂತು. ಚಿತ್ರಾನ ಬ್ಯಾರೆ ಬ್ಯಾರೆ ಬಣ್ಣದ ಗಾಜು ಹಿಡದು ಫೋಟೋ ತಗದು, ಹಳದಿ, ಕೆಂಪು, ನೀಲಿ ಅಂತ ಮೂರ ತಗಡು ಮಾಡೋದು. ಒಂದರ ಮ್ಯಾಲೆ ಒಂದ ಒತ್ತಿದ್ರ ಸಣ್ಣ ಸಣ್ಣ ಚಿಕ್ಕಿ ಕೂಡಿ ಎಲ್ಲಾ ಬಣ್ಣಾ ಕಾಣ್ತಾವ. ರಂಗೋಲಿ ಚಿಕ್ಕಿನ ಅನ್ಕೋರಿ, ಆದ್ರ ಕಣ್ಣಿಗೆ ಕಾಣಲಾರದಷ್ಟು ಸಣ್ಣವು. ಇದಕ್ಕ ನುಣುಪು ಕಾಗದನ ಬೇಕು. ಅದಕ್ಕ ಬಣ್ಣದ ಚಿತ್ರಾ ಬ್ಯಾರೆ ಅಚ್ಚ ಮಾಡಿ, ಪುಸ್ತಕದಾಗ ಅಂಟಿಸಿ, ಎಷ್ಟೋ ಸಲ ಮ್ಯಾಲೆ ತೆಳ್ಳಗಿನ ಕಾಗದದ ಪರದೆ ಹಾಕತಿದ್ರು. ಇಂಗ್ಲಂಡಿನ ಆರ್ಥರ್ ರಾಕಮ್ ಅನ್ನಾಂವ 1905ರಾಗ ಒಂದ ಪುಸ್ತಕಕ್ಕ ಇಂಥಾ 51 ಬಣ್ಣದ ಚಿತ್ರಾ ಕೊಟ್ಟಾ. ಆಮ್ಯಾಲೆ ಡ್ಯುಲಾಕ್, ಕಾಯ್ ನೀಲ್ಸನ್ ಬಂದ್ರು. ಕ್ರಿಸ್‌ಮಸ್ಸಿಗೆ ಉಡುಗೊರಿ ಕೊಡೋ ಪುಸ್ತಕಾ ಅಂತ ಇವು ಹೆಸರಾದ್ವು. ಮೊದಲನೇ ಮಹಾಯುದ್ಧದ ನಂತರ ಖರ್ಚು ಏರಿ ಆ ಭರಾಟಿ ಇಳೀತು. ಆ ಇಳಿಗಾಲದಾಗ ಬಂದಾಕಿ ನಮ್ಮ ವರ್ಜೀನಿಯಾ.

ಅಕಿ 1900ರಾಗ ಶಿಕಾಗೋದಾಗ ಹುಟ್ಟಿದ್ಲು. ಸಣ್ಣಾಕಿ ಇದ್ದಾಗನ ಅಪ್ಪ ಹೋದಾ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನ ಶಾಲಿಗೆ ವಿದ್ಯಾರ್ಥಿವೇತನದ ಮ್ಯಾಲೆ ಸೇರಿದ್ಲು. ಒಂದ ವರ್ಷ ಆಗೋದ್ರಾಗ ಅವ್ವಗ ಜಡ್ಡಾತು. ಕಲಿಯೋದು ಬಿಟ್ಟು ಜಾಹೀರಾತಿನ ಕಂಪನಿಗೆ ದುಡಿಲಿಕ್ಕೆ ಹೋದ್ಲು. ಮನಿ ಭಾರ ಅಕಿ ಮ್ಯಾಲೆ ಬಿತ್ತು. 19ನೇ ವರ್ಷಕ್ಕ ಎರಡೂ ಸುದ್ದಿ ಕೂಡೇ ಬಂದ್ವು. ಪೆನ್ ಪ್ರಕಾಶನದವರಿಂದ ಮೊದಲನೇ ಪುಸ್ತಕದ ಕೆಲಸಾ, ಮತ್ತ ಕ್ಷಯರೋಗ. ಕೆಲಸಾ ಬಿಡಲಿಲ್ಲ. ಆ ಫ್ರೆಂಚ್ ಅಜ್ಜಿ ಕಥಿಗಳ ಇಂಗ್ಲಿಷ್ ಪುಸ್ತಕಾ, ಅಕಿ ಚಿತ್ರದ ಜೋಡಿ, 1920ರಾಗ ಬಂತು. ಮುಂದಿನ ವರ್ಷ ಹಾಥಾರ್ನ್ ಬರದ ಗ್ರೀಕ್ ಕಥಿಗಳ ಪುಸ್ತಕಾ.

ಅಕಿ ಚಿತ್ರದಾಗ ಮನಷ್ಯಾರು ಸಣ್ಣವರು, ಗಿಡಾ ಆಕಾಶ ದೊಡ್ಡವು. ಉದ್ದನ ತೆಳ್ಳನ ಗೆರಿ, ನೆಲದ ಮ್ಯಾಲೆ ಹರಿಯೋ ಲಂಗಾ, ಅರಿವಿ ತುಂಬ ಸಣ್ಣ ಸಣ್ಣ ನಕಾಶಿ. ನೋಡಿದ್ರ ನನಗ ಕಸೂತಿ ನೆನಪಾಗತದ. ನೀರಬಣ್ಣದ ದೊಡ್ಡ ಬಳಿತ ನಡುವ ಬಿಟ್ಟು ಏಳಲಿಕ್ಕೆ ಬರೂದಿಲ್ಲ, ಕಲೆ ಬೀಳತದ. ನಕಾಶಿ ಹಂಗಲ್ಲ. ಒಲಿ ಮ್ಯಾಲೆ ಹಾಲಿಟ್ಟು ನಾಕ ಹೊಲಿಗಿ ಹಾಕಿಧಂಗ, ನಾಕ ಗೆರಿ ಎಳದು ಇಟ್ಟು, ಮತ್ತ ಬಂದು ಅಲ್ಲಿಂದನ ಹಿಡೀಬಹುದು. ಇದು ನನ್ನ ಊಹೆ ಅಷ್ಟ. ಆದ್ರ ಬಿಡುವಿನಾಗ ಕೆಲಸಾ ಮಾಡಿದ ಕೈಗೆ ಇನ್ನೊಂದು ಅಂಥಾ ಕೈ ಗುರತ ಸಿಗತದ.

1923ರಾಗ ಮನಿಯವರು ಕ್ಯಾಲಿಫೋರ್ನಿಯಾಕ್ಕ ಹೋದ್ರು. ಅಲ್ಲೆ ಅಕಿನ್ನ ಸ್ಯಾನಿಟೋರಿಯಮ್ಮಿಗೆ ಸೇರಿಸಿದ್ರು. ಕ್ಷಯಕ್ಕ ಆವಾಗ ವಿಶ್ರಾಂತಿ, ಗಾಳಿ, ಬಿಸಲು, ಇಷ್ಟ ಔಷಧಾ. ಸ್ಟ್ರೆಪ್ಟೊಮೈಸಿನ್ ಕಂಡುಹಿಡದದ್ದು 1943ರಾಗ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಕೂತು ಅಕಿ ಅರೇಬಿಯನ್ ನೈಟ್ಸ್ ಚಿತ್ರಾ ತಗದ್ಲು. ಪುಸ್ತಕಾ ಬಂದದ್ದು 1928ರಾಗ. ಆ ಕಥಿ ನಿಮಗ ಗೊತ್ತದ. ಶೆಹರಾಜಾದ್ ದಿನಾ ರಾತ್ರಿ ಅರ್ಧಾ ಕಥಿ ಹೇಳಿ ಇನ್ನೊಂದು ದಿವಸದ ಜೀವಾ ಗಳಿಸ್ತಾಳ. ಹಾಸಿಗಿ ಬಿಟ್ಟು ಎದ್ದು ಆ ಕಥಿಗೇ ಚಿತ್ರಾ ತಗಿಯೋವಾಗ ಅಕಿಗೆ ಏನ ಅನಸಿರಬೇಕು ಅಂತ ನಾ ಭಾಳ ಸಲ ವಿಚಾರ ಮಾಡೇನಿ. 1931ರ ಜೂನಿನಾಗ ತೀರಿಹೋದ್ಲು. ನಾಕನೇ ಪುಸ್ತಕಾ ಅರ್ಧಕ್ಕ ಉಳೀತು.

ಮಾಯಾಲೋಕದ ಚಿತ್ರಾ ಅಂದ್ರ ಸಂಸಾರದ ಗೋಜು ಇಲ್ಲದವರ ಕನಸು ಅಂತಾರ. ಇಲ್ಲೆ ನೋಡ್ರಿ, ಕಥಿ ಬರದಾಕಿ ಎಂಟ ಮಕ್ಕಳ ತಾಯಿ, ಚಿತ್ರಾ ತಗದಾಕಿ ಮನಿ ನಡಸೋ ರೋಗಿಷ್ಟ ಹುಡುಗಿ. ಸಂಸಾರದ ನಡುವನ ಆ ಕಾಡು ಹುಟ್ಟ್ಯಾವ, ಅರಮನಿ ಎದ್ದಾವ.

1920ರ ಆ ಪುಸ್ತಕಾ ಚಿತ್ರದ ಸಮೇತ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ಜಾಲತಾಣದಾಗ ಪುಕ್ಕಟೆ ಅದ. ಮಧ್ಯಾಹ್ನ ಊಟಾ ಆದಮ್ಯಾಲೆ ಹುಡುಗೂರನ್ನ ಹತ್ತರ ಕೂಡಿಸಿಕೊಂಡು ನೋಡ್ರಿ. ಕಥಿ ಇಂಗ್ಲಿಷಿನಾಗ ಅದ ಅಂತ ಬಿಡಬ್ಯಾಡ್ರಿ, ಚಿತ್ರಾ ನೋಡಿ ನಿಮ್ಮ ಕಥಿ ನೀವ ಹೇಳ್ರಿ. ಹೇಳೋವಾಗ ತಗದಾಕಿ ಹೆಸರೂ ಒಂದ ಸಲ ಹೇಳ್ರಿ.