ಚಾಲ್ತಿ ಕೂಲಿಯ ಲೆಕ್ಕ

1942ರಲ್ಲಿ, ಯುದ್ಧದ ಕಾರಣದಿಂದ ಹೊಲಗಳಿಗೆ ಆಳುಗಳ ಕೊರತೆಯಿದೆಯೆಂದು ಅಮೆರಿಕದ ಭೂಮಾಲೀಕರು ದೂರಿದಾಗ, ಅಮೆರಿಕವು ನೆರೆಯ ಮೆಕ್ಸಿಕೊದೊಡನೆ ಒಪ್ಪಂದ ಮಾಡಿಕೊಂಡಿತು. ಹಾಗೆ ಬಂದವರಿಗೆ 'ಬ್ರಸೆರೊ' ಎಂದು ಹೆಸರು. ತೋಳು ಎಂಬರ್ಥದ ಸ್ಪ್ಯಾನಿಷ್ ಪದದಿಂದ ಹುಟ್ಟಿದ್ದು. ಕರೆಸಿಕೊಂಡದ್ದು ತೋಳುಗಳನ್ನೇ ಆದ್ದರಿಂದ ಹೆಸರು ಅನ್ವರ್ಥವಾಗಿತ್ತು. ಆ ಪ್ರದೇಶದಲ್ಲಿ ಚಾಲ್ತಿಯಲ್ಲಿರುವ ಕೂಲಿಯನ್ನೇ ಅವರಿಗೂ ಕೊಡಬೇಕು, ಅದು ಗಂಟೆಗೆ 30 ಸೆಂಟಿಗಿಂತ ಕಡಿಮೆಯಿರಕೂಡದು ಎಂಬುದು ಕರಾರು. ಸೋಜಿಗವೆಂದರೆ, 1938ರ ಕನಿಷ್ಠ ಕೂಲಿಯ ಕಾನೂನು ಹೊಲದ ಕೆಲಸಗಾರರನ್ನು ಹೊರಗಿಟ್ಟಿತ್ತು. ಪರದೇಶಿಗಿದ್ದ ಈ ಆಸರೆ ಪಕ್ಕದ ಸಾಲಿನಲ್ಲಿ ದುಡಿಯುವ ಅಮೆರಿಕನ್ನನಿಗೆ ಇರಲಿಲ್ಲ.

ಆದರೆ ಚಾಲ್ತಿ ಕೂಲಿ ಎಷ್ಟೆಂದು ಹೇಳುವವರು ಯಾರು? ಎಷ್ಟೋ ಕಡೆ ಸುಗ್ಗಿಗೆ ಮುಂಚೆ ಭೂಮಾಲೀಕರ ಸಂಘವೇ ಸಭೆ ಸೇರಿ ದರ ಗೊತ್ತುಮಾಡುತ್ತಿತ್ತು. ಸರ್ಕಾರಿ ಕಚೇರಿ ಅದನ್ನೇ ಚಾಲ್ತಿ ದರವೆಂದು ದಾಖಲಿಸುತ್ತಿತ್ತು. ಆ ಕೂಲಿಗೆ ಸ್ಥಳೀಯರು ಬಾರದಿದ್ದರೆ ಆಳುಗಳ ಕೊರತೆ ಸಿದ್ಧವಾದಂತೆಯೇ. ಮತ್ತಷ್ಟು ಬ್ರಸೆರೊಗಳು ಬರುತ್ತಿದ್ದರು, ದರ ಅಲ್ಲಿಯೇ ನಿಲ್ಲುತ್ತಿತ್ತು. ಕಡತದಲ್ಲಿ ಎಲ್ಲವೂ ನಿಯಮಬದ್ಧ. ಕಚೇರಿಯ ಬದುಕು ಬಲ್ಲವರಿಗೆ ಇದು ಅಚ್ಚರಿಯೆನಿಸಲಾರದು. ಮೆಕ್ಸಿಕೊದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಾರ್ಮಿಕ ಸಂಘಟಕನಾದ ವಿದ್ವಾಂಸ ಅರ್ನೆಸ್ಟೊ ಗಲಾರ್ಸ, ಶಿಬಿರಗಳಿಗೆ ಹೋಗಿ ಕೂಲಿಕಾರರನ್ನೇ ಮಾತನಾಡಿಸಿ, ಕರಾರಿಗೂ ಕೈಗೆ ಬಂದ ಹಣಕ್ಕೂ ಇದ್ದ ಅಂತರವನ್ನು 1956ರ ವರದಿಯಲ್ಲಿ ಬಯಲಿಗಿಟ್ಟ. ಮೊದಲ ವರ್ಷಗಳಲ್ಲಿ ಉಳಿತಾಯವೆಂದು ಹಿಡಿದ ಕೂಲಿಯ ಶೇಕಡ 10ರಷ್ಟು ಹಣ ಅನೇಕರಿಗೆ ಮರಳಿ ಸಿಗಲೇ ಇಲ್ಲ.

1964ರ ಕೊನೆಗೆ ಯೋಜನೆ ಮುಗಿಯಿತು. ಆಮೇಲೂ ಮೆಕ್ಸಿಕನ್ನರನ್ನು ಕರೆಸುವವರು ಗಂಟೆಗೆ 1.40 ಡಾಲರ್ ಕೊಡಬೇಕೆಂದು ಕಾರ್ಮಿಕ ಇಲಾಖೆ ವಿಧಿಸಿತು. ಈ ಬಾರಿ ದರ ಹೇಳಿದ್ದು ಸರ್ಕಾರ. ಕ್ಯಾಲಿಫೋರ್ನಿಯದ ಕೊಚೆಲ್ಲ ಕಣಿವೆಯ ದ್ರಾಕ್ಷಿತೋಟಗಳಲ್ಲಿದ್ದ ಫಿಲಿಪಿನೊ ಕೆಲಸಗಾರರು ಅದನ್ನೇ ತಮಗೂ ಕೇಳಿ, 1965ರ ವಸಂತದಲ್ಲಿ ಮುಷ್ಕರ ಹೂಡಿ ಪಡೆದರು. ಸೆಪ್ಟೆಂಬರಿನಲ್ಲಿ ಡೆಲಾನೊದ ಮಾಲೀಕರು ಒಪ್ಪದಿದ್ದಾಗ ಆರಂಭವಾದ ಮುಷ್ಕರ 1970ರವರೆಗೆ ನಡೆಯಿತು. ಸೀಸರ್ ಚಾವೆಸ್‌ನ ಹೆಸರು ಜಗತ್ತಿಗೆ ತಿಳಿದದ್ದು ಅಲ್ಲಿಂದ. ಮೊದಲು ಕೆಲಸ ನಿಲ್ಲಿಸಿದವರು ಮಾತ್ರ ಫಿಲಿಪಿನೊಗಳು.

ಬೆಂಗಳೂರಿನ ಎಂಜಿನಿಯರುಗಳಿಗೆ ಪರಿಚಿತವಾದ ಎಚ್-1ಬಿ ವೀಸಾ 1990ರ ಕಾನೂನಿನ ಕೂಸು. ಚಾಲ್ತಿ ವೇತನದ ಷರತ್ತು ಅದರಲ್ಲಿಯೂ ಇದೆ. ಇಲ್ಲಿ ಲೆಕ್ಕ ಹಾಕುವುದು ಸರ್ಕಾರದ ಸಮೀಕ್ಷೆ. 2004ರ ಕಾನೂನಿನ ಬಳಿಕ ಅದಕ್ಕೆ ನಾಲ್ಕು ಮೆಟ್ಟಿಲುಗಳಾದವು. ಒಂದೇ ಕೆಲಸದ ನೂರು ಜನರನ್ನು ಸಂಬಳದ ಏರಿಕೆಯ ಕ್ರಮದಲ್ಲಿ ನಿಲ್ಲಿಸಿದರೆ, ಕೆಳಗಿನಿಂದ ಸುಮಾರು 17ನೆಯವನ ಸಂಬಳವೇ ಮೊದಲ ಮೆಟ್ಟಿಲು. ಎರಡನೆಯದೂ ನಡುಮಟ್ಟವನ್ನು ಮುಟ್ಟುವುದಿಲ್ಲ. 2020ರ ಅಕ್ಟೋಬರಿನಲ್ಲಿ ಸರ್ಕಾರ ಮೊದಲ ಮೆಟ್ಟಿಲನ್ನು ಒಮ್ಮೆಲೇ 45ಕ್ಕೆ ಏರಿಸಿತು. ಸಾರ್ವಜನಿಕರ ಅಭಿಪ್ರಾಯವನ್ನು ಮುಂಚಿತವಾಗಿ ಕೇಳಿರಲಿಲ್ಲವೆಂದು ನ್ಯಾಯಾಲಯಗಳು ಡಿಸೆಂಬರಿನಲ್ಲಿ ಅದನ್ನು ರದ್ದುಮಾಡಿದವು.