ಗಣಕದ ನೆನಪು: ಎಷ್ಟಿದ್ದರೆ ಸಾಕು?

ಗಣಕಯಂತ್ರ ನಿಧಾನವಾಯಿತೆಂದರೆ ‘ಮೆಮೊರಿ ಹಾಕಿಸಿ’ ಎಂಬ ಸಲಹೆ ತಮಗೂ ಬಂದಿರಬಹುದು. ಹಣ ಕೊಡುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗಿಬರೋಣ.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಸಿದ್ಧವಾದ ಟಿಫ್ರಾಕ್ ಗಣಕದ ಸ್ಮೃತಿಯಲ್ಲಿದ್ದದ್ದು 2048 ಪದಗಳು. ಒಂದೊಂದೂ 40 ಬಿಟ್. ಲೆಕ್ಕ ಹಾಕಿದರೆ ಬರೀ 10 ಕಿಲೋಬೈಟ್! ತಂತಿಗೆ ಪೋಣಿಸಿದ ಪುಟ್ಟ ಕಾಂತೀಯ ಉಂಗುರಗಳು, ಉಂಗುರಕ್ಕೊಂದು ಬಿಟ್. ಅಂದರೆ ಎಂಬತ್ತು ಸಾವಿರಕ್ಕೂ ಮಿಕ್ಕಿ ಉಂಗುರಗಳು. ವಿದ್ಯುತ್ ಹೋದರೂ ಅವುಗಳ ನೆನಪು ಅಳಿಯುತ್ತಿರಲಿಲ್ಲ.

ಈ ಗುಣ ಮುಂದೆ ಉಳಿಯಲಿಲ್ಲ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಒಂದು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು ಸೇರಿ ಒಂದು ಬಿಟ್. ಕೆಪಾಸಿಟರೋ ತೂತು ಬಿಂದಿಗೆ. ಸೆಕೆಂಡಿಗೆ ಹಲವು ಬಾರಿ ತುಂಬುತ್ತಲೇ ಇರಬೇಕು. ಆದರೆ ಅಗ್ಗ, ಜಾಗವೂ ಕಡಿಮೆ. ಟ್ರಾನ್ಸಿಸ್ಟರು ಹೆಚ್ಚಿದ್ದರೂ ಇದೇ ಸೋರುವ ಜಾತಿಯ ಇಂಟೆಲ್ 1103 ಚಿಪ್ 1970ರಲ್ಲಿ 1024 ಬಿಟ್ ಹೊತ್ತು ಬಂತು. ಉಂಗುರಗಳ ಕಾಲ ಮುಗಿಯತೊಡಗಿತು.

1995ರಲ್ಲಿ ಬಂದ ವಿಂಡೋಸ್ 95ಕ್ಕೆ ಕನಿಷ್ಠ 4 ಮೆಗಾಬೈಟ್ ಬೇಕಿತ್ತು. 8 ಇದ್ದರೆ ಒಳಿತು ಎಂದು ತಯಾರಕರೇ ಹೇಳಿದ್ದರು. ಕಾರಣವಿತ್ತು. ಸ್ಮೃತಿ ಸಾಲದಾದಾಗ ಗಣಕವು ಹಾರ್ಡ್ ಡಿಸ್ಕಿನಲ್ಲಿ ಜಾಗ ಎರವಲು ಪಡೆಯುತ್ತದೆ. ಆ ಡಿಸ್ಕು ಸಾವಿರಾರು ಪಟ್ಟು ನಿಧಾನ.

ಇಂದಿಗೂ ಪರೀಕ್ಷೆ ಅದೇ. ತಾವು ನಿತ್ಯ ಬಳಸುವ ತಂತ್ರಾಂಶಗಳನ್ನೆಲ್ಲ ತೆರೆದಿಟ್ಟು ಟಾಸ್ಕ್ ಮ್ಯಾನೇಜರ್ ನೋಡಿ. ಸ್ಮೃತಿ ತುಂಬಿ ತುಳುಕುತ್ತಿದ್ದರೆ ಹೆಚ್ಚಿಸಿಕೊಳ್ಳಿ. ಅರ್ಧ ಖಾಲಿಯಿದ್ದರೆ ದೋಷ ಬೇರೆಲ್ಲೋ ಇದೆ, ಹಣ ಉಳಿಯಿತು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಚಿಪ್ಪುಗಳನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಹೆಚ್ಚಿಸಲಾಗದು. ಅದನ್ನು ಮಾತ್ರ ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿಬಿಡಿ.